ಗ್ರೀಕ್ ದ್ವೀಪದ ಯುದ್ಧಕಾಲದ ಪ್ರೇಮಕಥೆ: ಎಲ್ಲಿಂದ ಶುರು ಮಾಡೋದು?

ಐತಿಹಾಸಿಕ ಕಾದಂಬರಿ ಬರೆಯಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಎರಡನೇ ಮಹಾಯುದ್ಧ, ಗ್ರೀಸಿನ ದ್ವೀಪ, ಶತ್ರು ಸೈನಿಕನಿಗೆ ಮನಸೋತ ಹುಡುಗಿ, ಮೊಮ್ಮಗಳಿಗೆ ಸಿಗುವ ಹಳೇ ಪತ್ರ. ಕಥೆ ಇದೆ, ಎಲ್ಲಿಂದ ಶುರು ಮಾಡೋದು?"

ದ್ವೀಪದ ಹೆಸರು ಮತ್ತು ತಿಂಗಳಿಂದ. ಅವೆರಡು ಗೊತ್ತಿಲ್ಲದೆ ಆ ಸೈನಿಕ ಯಾವ ಭಾಷೆ ಆಡುತ್ತಾನೆ ಅಂತಲೂ ಹೇಳಲಾಗದು. 1941ರಲ್ಲಿ ಗ್ರೀಸ್ ಬಿದ್ದಾಗ ದ್ವೀಪಗಳು ಹಂಚಿಹೋದವು. ಕಾರ್ಫು, ಕೆಫಲೋನಿಯಾ, ಜಾಕಿಂಥೋಸ್ ಇಟಲಿಗೆ, ಲೆಸ್ಬೋಸ್, ಕಿಯೋಸ್ ಜರ್ಮನಿಗೆ, ಥಾಸೋಸ್ ಬಲ್ಗೇರಿಯಾಕ್ಕೆ. ಕ್ರೀಟ್ ಬಹುಪಾಲು ಜರ್ಮನರದ್ದು, ಪೂರ್ವದ ಲಸಿಥಿ ಮಾತ್ರ ಇಟಲಿಯವರದ್ದು. ರೋಡ್ಸ್ ಅಂತೂ 1912ರಿಂದಲೇ ಇಟಲಿಯ ಕೈಲಿತ್ತು, ಹಾಗಾಗಿ ಅಲ್ಲಿ 1941ರಲ್ಲಿ ಶತ್ರುವನ್ನು ದಡಕ್ಕಿಳಿಸಬೇಡಿ.

ಕೆಫಲೋನಿಯಾವನ್ನೇ ತೆಗೆದುಕೊಳ್ಳೋಣ. ಪ್ರೀತಿಗೆ ಸಿಗುವುದು 1941ರ ಮೇಯಿಂದ 1943ರ ಸೆಪ್ಟೆಂಬರ್‌ವರೆಗೆ. ಆ ಸೆಪ್ಟೆಂಬರ್ 8ರಂದು ಮಿತ್ರರಾಷ್ಟ್ರಗಳೊಡನೆ ಇಟಲಿಯ ಕದನವಿರಾಮ ಪ್ರಕಟವಾಯಿತು. ದ್ವೀಪದಲ್ಲಿದ್ದ ಇಟಲಿಯ ಸೇನಾಪಡೆ ಆಕ್ವಿ ಡಿವಿಷನ್ ಆಯುಧ ಒಪ್ಪಿಸದೆ 15ರಿಂದ 22ರವರೆಗೆ ಜರ್ಮನರೊಡನೆ ಕಾದಾಡಿ ಸೋತಿತು. ಶರಣಾದವರನ್ನು ಸಾವಿರಗಟ್ಟಲೆ ಗುಂಡಿಟ್ಟು ಕೊಂದರು. ನಿನ್ನೆಯವರೆಗೆ ಊರನ್ನು ಕಾಯುತ್ತಿದ್ದ ಕಥಾನಾಯಕನನ್ನು ಇವತ್ತು ಊರೇ ಅಡಗಿಸಿಡಬೇಕು. ಕಾದಂಬರಿಯ ನಡುಮಧ್ಯ ಇದೇ.

ಮೊದಲ ಭೇಟಿಗೆ ದಿನ ಹುಡುಕುತ್ತಿದ್ದರೆ ಈಸ್ಟರ್ ಇದೆ. ಕ್ಯಾಥೊಲಿಕರಿಗೂ ಆರ್ಥೊಡಾಕ್ಸರಿಗೂ ಅದು ಎಷ್ಟೋ ಸಲ ಬೇರೆ ಬೇರೆ ದಿನ ಬರುತ್ತದೆ. ಆದರೆ 1942ರಲ್ಲಿ ಇಬ್ಬರಿಗೂ ಏಪ್ರಿಲ್ 5, 1943ರಲ್ಲಿ ಇಬ್ಬರಿಗೂ ಏಪ್ರಿಲ್ 25. ಇಂಥದ್ದನ್ನು ಕಲ್ಪಿಸಬೇಕಾಗಿಯೇ ಇಲ್ಲ. ಗುಟ್ಟಾಗಿ ರಿಜಿಸ್ಟರ್ ಮದುವೆ ಮಾತ್ರ ಮಾಡಿಸಬೇಡಿ. 1982ರವರೆಗೆ ಗ್ರೀಸಿನಲ್ಲಿ ಆ ಕಾನೂನೇ ಇರಲಿಲ್ಲ. ಮದುವೆ ಎಂದರೆ ಪಾದ್ರಿ ಬೇಕು, ಅಂದರೆ ಗುಟ್ಟು ತಿಳಿದ ಮೂರನೆಯವನೊಬ್ಬ ಇದ್ದೇ ಇರುತ್ತಾನೆ.

ಹೆಚ್ಚಿನ ಹಸ್ತಪ್ರತಿಗಳು ಎಡವುವುದು ದುಡ್ಡಿನಲ್ಲಿ. ಕೆಫಲೋನಿಯಾ ಸೇರಿದ ಅಯೋನಿಯನ್ ದ್ವೀಪಗಳಿಗೆ ಇಟಲಿ 1942ರಲ್ಲಿ ಬೇರೆ ದ್ರಾಖ್ಮಾ ನೋಟು ಹೊರಡಿಸಿತ್ತು. ಗ್ರೀಸಿನ ಮುಖ್ಯ ಭೂಭಾಗದ ದ್ರಾಖ್ಮಾ ಎಷ್ಟು ಕುಸಿಯಿತೆಂದರೆ 1944ರ ನವೆಂಬರಿನಲ್ಲಿ 5,000 ಕೋಟಿ ಹಳೆಯದಕ್ಕೆ ಒಂದು ಹೊಸದು. ಹಸಿದ ಹೆಂಗಸು ನೋಟು ಎಣಿಸುವುದಿಲ್ಲ; ವರದಕ್ಷಿಣೆಗೆ ಇಟ್ಟಿದ್ದ ಹೊಲಿಗೆ ಯಂತ್ರ ಕೊಟ್ಟು ಆಲಿವ್ ಎಣ್ಣೆ ತರುತ್ತಾಳೆ.

ಇನ್ನು ಅಟ್ಟದ ಮೇಲಿನ ಟ್ರಂಕು. 1953ರ ಆಗಸ್ಟ್ ಭೂಕಂಪದಲ್ಲಿ ಕೆಫಲೋನಿಯಾದ ಊರೂರೇ ನೆಲಸಮವಾದವು. ದ್ವೀಪದ ಮುಖ್ಯ ಪಟ್ಟಣ ಅರ್ಗೊಸ್ತೋಲಿಯ ಹಳೇ ಮನೆಯಲ್ಲಿ ಪತ್ರ ಸಿಕ್ಕಿತು ಎಂದರೆ ತಿಳಿದವರು ಪುಸ್ತಕ ಮುಚ್ಚಿಡುತ್ತಾರೆ. ಟ್ರಂಕು ಬೇಕೇ ಬೇಕೆಂದರೆ ಉತ್ತರ ತುದಿಯ ಫಿಸ್ಕಾರ್ಡೊಗೆ ಹೋಗಿ, ಅಲ್ಲಿ ಮನೆಗಳು ಉಳಿದುಕೊಂಡವು.

ಅಜ್ಜಿ ಮೂವತ್ತು ವರ್ಷ ಬಾಯಿ ಬಿಡದ್ದಕ್ಕೆ "ಮರ್ಯಾದೆ" ಎಂಬ ಒಂದೇ ಕಾರಣ ಸಾಲದು. 1946–49ರ ಅಂತರ್ಯುದ್ಧದ ನಂತರ ಎಡಪಂಥೀಯರ ಜೊತೆ ನಂಟಿದ್ದ ಮನೆಯ ಮೇಲೆ ಪೊಲೀಸರ ಕಣ್ಣಿತ್ತು. ಸರ್ಕಾರಿ ಕೆಲಸಕ್ಕೆ "ಸಾಮಾಜಿಕ ನಂಬಿಕೆಗಳ ಪ್ರಮಾಣಪತ್ರ" ತರಬೇಕಿತ್ತು, ಅದನ್ನು ಕೊಡುವವರು ಪೊಲೀಸರೇ. 1974ರಲ್ಲಿ ಸೈನಿಕ ಸರ್ಕಾರ ಬೀಳುವ ತನಕ ಇದು ನಡೆಯಿತು. ಇಟಲಿಯವನನ್ನು ಅಡಗಿಸಿದ್ದು ಎಡಪಂಥೀಯ ಗೆರಿಲ್ಲಾಗಳು ಅಂತಿಟ್ಟುಕೊಳ್ಳಿ: ಅಜ್ಜಿ ಬಾಯಿಬಿಟ್ಟರೆ ಹೋಗುವುದು ಮಗನ ಮೇಷ್ಟ್ರ ಕೆಲಸ.

ಸುಳಿವಿಗೆ ಪತ್ರಕ್ಕಿಂತ ಹೆಸರು ಮೇಲು. ಹಿರಿಮಗನಿಗೆ ತಂದೆಯ ತಂದೆಯ ಹೆಸರಿಡುವುದು ಅಲ್ಲಿನ ರೂಢಿ, ನಮ್ಮ ಎಷ್ಟೋ ಮನೆಗಳಲ್ಲಿರುವಂತೆ. ಕೆಫಲೋನಿಯಾದ ಪೋಷಕ ಸಂತ ಗೆರಾಸಿಮೋಸ್, ಹಾಗಾಗಿ ಮನೆಗೊಬ್ಬ ಗೆರಾಸಿಮೋಸ್ ಸಿಗುತ್ತಾನೆ. ಮುತ್ತಜ್ಜ ಗೆರಾಸಿಮೋಸ್, ಮನೆಯ ಎರಡನೇ ಮಗ ಗೆರಾಸಿಮೋಸ್. ಮೊಮ್ಮಗಳು ಊಟದ ಮಧ್ಯೆ ಕೇಳಲಿ: "ಅಜ್ಜೀ, ಮತ್ತೆ ದೊಡ್ಡಪ್ಪನಿಗೆ ಯಾರ ಹೆಸರು?"