ಎತ್ತುತ್ತಾ ಇದ್ದೀನಲ್ಲ ಡಾಕ್ಟ್ರೇ!

"ಗೋಡೆಗೆ ಕೈ ಇಟ್ಟು ನಿಲ್ಲಿ. ಎಡಗಾಲು ಎತ್ತಿ. ಈಗ ಬಲಗಾಲಿನ ಹಿಮ್ಮಡಿ ಮೇಲೆತ್ತಿ" ಅಂತ ಹೇಳಿ ಮೂಳೆ ಡಾಕ್ಟರು ಅಕ್ಕನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಸ್ವಲ್ಪ ಹೊತ್ತು ಕಾದು, "ಎತ್ತಿ ಅಮ್ಮ" ಅಂದರು.

"ಎತ್ತುತ್ತಾ ಇದ್ದೀನಲ್ಲ ಡಾಕ್ಟ್ರೇ!" ಅಂದಳು ಅಕ್ಕ.

ಹಿಮ್ಮಡಿ ನೆಲ ಬಿಟ್ಟಿರಲೇ ಇಲ್ಲ.

ವಾರವಿಡೀ ಅದೇ ಮಾತು ಕಿವಿಯಲ್ಲಿ ಕೂತಿದೆ. ಅಕ್ಕ ಸುಳ್ಳು ಹೇಳುವವಳಲ್ಲ. ನಿಜವಾಗಿಯೂ ಎತ್ತುತ್ತಿದ್ದೇನೆ ಅಂದುಕೊಂಡಿದ್ದಳು. ನೋವಾದರೆ ಹೇಳಬಹುದು. ಬಲ ಹೋಗಿದ್ದು ಅವಳಿಗೇ ತಿಳಿಯದಿದ್ದರೆ ಯಾರಿಗೆ ಹೇಳೋದು?

ಡಾಕ್ಟರು ನನ್ನನ್ನೂ ಹಿಂದಕ್ಕೆ ಕರೆದು ತೋರಿಸಿದರು. ಎಡಪಾದದಲ್ಲಿ ಹಿಂದಿನಿಂದ ಕಾಣುತ್ತಿದ್ದದ್ದು ಕಿರುಬೆರಳು ಮಾತ್ರ. ಬಲಪಾದದಲ್ಲಿ ಮೂರು ಬೆರಳು ಹೊರಗೆ ಇಣುಕುತ್ತಿದ್ದವು. ಹಿಮ್ಮಡಿ ಹೊರಕ್ಕೆ ವಾಲಿತ್ತು, ಒಳಗಿನ ಕಮಾನು ನೆಲಕ್ಕೆ ಕೂತಿತ್ತು. ಹುಟ್ಟಿನಿಂದ ಚಪ್ಪಟೆ ಪಾದ ಇದ್ದು ಆರಾಮಾಗಿ ಓಡಾಡುವವರು ಎಷ್ಟೋ ಜನ. ಅಕ್ಕನದು ಹಾಗಲ್ಲ. ಇದ್ದ ಕಮಾನು ಐವತ್ತು ದಾಟಿದ ಮೇಲೆ, ಅದೂ ಒಂದೇ ಕಾಲಲ್ಲಿ, ಕುಸಿದಿದೆ.

ಮೀನಖಂಡದಿಂದ ಹೊರಟು, ಒಳಗಣಕಾಲಿನ ಹಿಂದೆ ಸುತ್ತಿ ಪಾದದೊಳಗೆ ಹೋಗುವ ಒಂದು ಸ್ನಾಯುರಜ್ಜು ಇದೆ. ಡೇರೆಯ ಹಗ್ಗದ ಹಾಗೆ ಅದು ಕಮಾನನ್ನು ಎಳೆದು ಹಿಡಿದಿರುತ್ತದೆ. ಕಣಕಾಲಿನ ಹಿಂದೆ ಅದಕ್ಕೆ ರಕ್ತದ ಓಡಾಟ ಕಡಿಮೆ. ಸವೆದರೆ ಬೇಗ ವಾಸಿಯಾಗುವುದಿಲ್ಲ. ನಲವತ್ತು ದಾಟಿದ ಹೆಂಗಸರಲ್ಲಿ ಇದು ಜಾಸ್ತಿ. ಸಕ್ಕರೆ ಕಾಯಿಲೆ, ಬಿಪಿ, ತೂಕ, ಕೀಲುವಾತ, ಹಳೆಯ ಪೆಟ್ಟು, ಸ್ಟಿರಾಯ್ಡ್ ಇವೆಲ್ಲ ದಾರಿ ಮಾಡಿಕೊಡುತ್ತವೆ. ಅಕ್ಕನಿಗೆ ಸಕ್ಕರೆಯೂ ಇದೆ, ಬಿಪಿಯೂ ಇದೆ.

"ನಾನು ಹೇಳಿರಲಿಲ್ವಾ, ತೂಕ ಇಳಿಸು ಅಂತ" ಅಂದರು ಭಾವ. ಪೂರ್ತಿ ಸುಳ್ಳಲ್ಲ, ಸರಿ. ಆದರೆ ಅವರ ಹತ್ತಿರ ತಲೆನೋವಿಗೂ ಅದೇ ಮದ್ದು. ಕಾಲೂರಿದರೆ ನೋಯುವವಳು ನಡೆದು ತೂಕ ಇಳಿಸೋದು ಹೇಗೆ ಅಂತ ಅವರು ಕೇಳಿಕೊಂಡಂತಿಲ್ಲ.

ಮೊದಲು ನೋಡಿದ ಡಾಕ್ಟರ ಮೇಲೆ ನನಗೆ ಇನ್ನೂ ಸಿಟ್ಟು. ಮಂಚದ ಮೇಲೆ ಮಲಗಿಸಿ ಕಣಕಾಲು ಒತ್ತಿ ನೋಡಿ, ಉಳುಕು ಅಂದುಬಿಟ್ಟರು. ಎಕ್ಸ್‌ರೇ ಕೂಡ ಮಲಗಿಸಿಯೇ ತೆಗೆಸಿದರು. ಮೈಭಾರ ಬೀಳದಿದ್ದರೆ ಕಮಾನು ಎಷ್ಟು ಕುಸಿಯುತ್ತೆ ಅಂತ ಕಾಣೋದೇ ಇಲ್ಲ. ಆಮೇಲೆ ಒಳಬದಿಯ ನೋವು ಕಡಿಮೆಯಾಗಿ ಹೊರಬದಿಗೆ ಶುರುವಾದಾಗ, ಗುಣವಾಗ್ತಿದೆ ಅಂತ ಮನೆಯಲ್ಲೆಲ್ಲ ಖುಷಿ. ಅದು ಹಿಮ್ಮಡಿ ವಾಲಿ ಹೊರಗಿನ ಮೂಳೆಗೆ ಒತ್ತುತ್ತಿದ್ದ ನೋವಂತೆ. ಅಲ್ಲ, ದಿನವಿಡೀ ನಿಂತೇ ಕೆಲಸ ಮಾಡುವವಳು ಅವಳು. ಆದರೂ ಅವಳ ಕಾಲನ್ನು ಎಲ್ಲರೂ ನೋಡಿದ್ದು ಅವಳು ಕೂತಾಗ ಇಲ್ಲವೇ ಮಲಗಿದಾಗ. ಮನೆಯ ಎಷ್ಟು ಹೆಂಗಸರ ನೋವನ್ನು ನಾವು ಹೀಗೇ ನೋಡ್ತೀವೋ.

"ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಅಂತ ಅಕ್ಕ ಕೇಳಿಯೂ ಕೇಳಿದಳು. ಸ್ಟಿರಾಯ್ಡ್ ಚುಚ್ಚಿದರೆ ಸವೆದ ರಜ್ಜು ಹರಿದೇ ಹೋಗಬಹುದು, ಬೇಡ ಅಂದರು. ಕೈಯಲ್ಲಿ ಪಾದವನ್ನು ಹಿಡಿದು ಒಳಕ್ಕೆ ತಿರುಗಿಸಿದಾಗ ಕಮಾನು ಮತ್ತೆ ಮೂಡಿತು. ಪಾದ ಇನ್ನೂ ಬಿಗಿದುಕೊಂಡಿಲ್ಲ, ಅದೇ ಪುಣ್ಯ. ಸದ್ಯಕ್ಕೆ ಕೆಲವು ವಾರ ಗಟ್ಟಿ ಬೂಟು, ಆಮೇಲೆ ಕಮಾನಿಗೆ ಆಸರೆ ಕೊಡುವ ಇನ್‌ಸೋಲ್, ಫಿಸಿಯೋಥೆರಪಿ. ಇದರಲ್ಲಿ ಆಗದಿದ್ದರೆ ಆಪರೇಷನ್: ಬೆರಳು ಮಡಚುವ ರಜ್ಜುವನ್ನು ಈ ಕೆಲಸಕ್ಕೆ ಜೋಡಿಸಿ, ಹಿಮ್ಮಡಿ ಮೂಳೆ ಕತ್ತರಿಸಿ ಒಳಕ್ಕೆ ಸರಿಸುತ್ತಾರೆ. ಪಾದ ಬಿಗಿದ ಮೇಲೆ ಬಂದರೆ ಕೀಲುಗಳನ್ನೇ ಬೆಸೆಯಬೇಕಾಗುತ್ತದೆ, ಆಗ ಪಾದ ಆಚೀಚೆ ವಾಲುವುದಿಲ್ಲ.

ಮೂಳೆ ಕತ್ತರಿಸೋದು ಅಂತ ಕೇಳಿದ್ದೇ ಭಾವ ತೂಕದ ಮಾತು ಬಿಟ್ಟಿದ್ದಾರೆ. ಬೂಟಿನ ಪಟ್ಟಿ ಈಗ ಅವರೇ ಬಿಗಿಯುತ್ತಾರೆ. ಜಾಸ್ತಿ ಬಿಗಿಯುತ್ತಾರೆ ಅಂತ ಅಕ್ಕನ ದೂರು. ಬೂಟಿನ ಅಡಿ ದಪ್ಪ ಇರೋದರಿಂದ ಎಡಸೊಂಟ ಹಿಡಿದುಕೊಂಡಿದೆ ಅಂತ ಇನ್ನೊಂದು. ಎಡಗಾಲಿಗೆ ದಪ್ಪ ಅಟ್ಟೆಯ ಚಪ್ಪಲಿ ಹುಡುಕೋ ಕೆಲಸ ನನ್ನ ಪಾಲಿಗೆ ಬಂದಿದೆ.