ಮರ ಸಣ್ಣಗಾಗಿದೆ ಎಂದು ಡೇಟಾ ಹೇಳಿದಾಗ

ಕಾಡು ಎಷ್ಟು ಬೆಳೆಯುತ್ತದೆ ಎಂದು ಅಳೆಯುವ ಸಂಶೋಧನಾ ತಂಡದಲ್ಲಿ ನನ್ನ ಕೆಲಸ. ಗುರುತು ಹಾಕಿದ ಪ್ಲಾಟ್‌ಗಳಿರುತ್ತವೆ. ಅದರೊಳಗಿನ ಪ್ರತಿ ಮರಕ್ಕೂ ಒಂದು ನಂಬರ್. ಐದು ವರ್ಷಕ್ಕೊಮ್ಮೆ ಹೋಗಿ ಅದೇ ಮರಗಳ ದಪ್ಪ ಅಳೆಯುತ್ತೇವೆ. ಕೇಳಲು ಸುಲಭ, ಅಲ್ವಾ?

ಸೇರಿದ ಮೊದಲ ವರ್ಷ ನನಗೆ ಡೇಟಾದಲ್ಲಿನ ತಪ್ಪು ಹುಡುಕುವ ಕೆಲಸ ಕೊಟ್ಟರು. ಹೊಸ ಅಳತೆಯಿಂದ ಹಳೆಯದನ್ನು ಕಳೆದು ನೋಡಿದೆ. ಕೆಲವು ಮರಗಳು ಐದು ವರ್ಷದಲ್ಲಿ ಸಣ್ಣಗಾಗಿದ್ದವು. ಮರ ಎಲ್ಲಾದರೂ ಸಣ್ಣಗಾಗುತ್ತದೆಯೇ? ಅಳತೆಯೇ ತಪ್ಪು ಎಂದು ಆ ಸಾಲುಗಳನ್ನೆಲ್ಲ ಅಳಿಸಿದೆ. ಉಳಿದವುಗಳ ಸರಾಸರಿ ತೆಗೆದು ವರದಿಗೆ ಹಾಕಿದೆ.

ಕರಡು ಓದಿದ ಹಿರಿಯ ಸಂಶೋಧಕಿ ನನ್ನನ್ನು ಕರೆದು ಕೇಳಿದರು: "ಕಡಿಮೆ ತೋರಿಸಿದ ತಪ್ಪು ನಿಮಗೆ ಸಿಕ್ಕಿತು. ಜಾಸ್ತಿ ತೋರಿಸಿದ ತಪ್ಪು ಎಲ್ಲಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಹತ್ತು ಮರಗಳಿವೆ, ಪ್ರತಿಯೊಂದೂ ನಿಜವಾಗಿ 5 ಮಿ.ಮೀ. ಬೆಳೆದಿದೆ ಅನ್ನಿ. ಐದರಲ್ಲಿ ಟೇಪು 8 ಮಿ.ಮೀ. ಜಾಸ್ತಿ ತೋರಿಸಿತು, ಐದರಲ್ಲಿ 8 ಮಿ.ಮೀ. ಕಡಿಮೆ. ಆಗ ಐದು ಮರ 13 ಮಿ.ಮೀ. ಬೆಳೆದಂತೆ, ಐದು ಮರ 3 ಮಿ.ಮೀ. ಕುಗ್ಗಿದಂತೆ ಕಾಣುತ್ತದೆ. ಎಲ್ಲವನ್ನೂ ಸೇರಿಸಿದರೆ ಸರಾಸರಿ 5, ಅಂದರೆ ಸರಿಯಾದ ಉತ್ತರ. ಕುಗ್ಗಿದವನ್ನು ಅಳಿಸಿದರೆ ಸರಾಸರಿ 13! ತಪ್ಪು ತೆಗೆಯುತ್ತಿದ್ದೇನೆ ಎಂದುಕೊಂಡು ನಾನು ತಪ್ಪಿನ ಒಂದು ಬದಿಯನ್ನು ಮಾತ್ರ ತೆಗೆದಿದ್ದೆ.

ಕಾಡಿನ ನಿರ್ವಹಣೆಯಲ್ಲಿ ಇದು ಸಣ್ಣ ವಿಷಯವಲ್ಲ. 1713ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿ ಆಡಳಿತ ನೋಡಿಕೊಳ್ಳುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್, ಅದಿರು ಕರಗಿಸಲು ಸೌದೆ ಸಾಲದೆ ಹೋಗುವುದನ್ನು ಕಂಡು, ಕಾಡನ್ನು ಎಂದೂ ಮುಗಿಯದ ಹಾಗೆ ಬಳಸಬೇಕು ಎಂದು ಬರೆದರು. ಬೆಳೆದಷ್ಟೇ ಕಡಿಯಬೇಕು ಅನ್ನುವ ಲೆಕ್ಕ ಇವತ್ತಿಗೂ ನಡೆಯುತ್ತಿದೆ. ಆದರೆ ಎಷ್ಟು ಬೆಳೆಯಿತು ಅನ್ನುವುದನ್ನು ಹೇಳುವುದು ನಮ್ಮ ಟೇಪು. ನಾನು ಬೆಳವಣಿಗೆಯನ್ನು ಜಾಸ್ತಿ ತೋರಿಸಿದರೆ ಕಾಡು ಕೊಡಲಾಗದಷ್ಟು ಮರ ಕಡಿಯಲು ದಾರಿ ಆಗುತ್ತದೆ. ಅದು ಗೊತ್ತಾಗುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತದೆ.

ಮುಂದಿನ ಸಲ ಅಳತೆಗೆ ನಾನೂ ಹೋದೆ. ತಪ್ಪು ಹುಟ್ಟುವುದು ಎಲ್ಲಿ ಎಂದು ಅಲ್ಲಿ ತಿಳಿಯಿತು. ಹೆಚ್ಚಿನ ದೇಶಗಳಲ್ಲಿ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಆದರೆ ಯಾವ ನೆಲ? ಇಳಿಜಾರಿನಲ್ಲಿ ಮರದ ಮೇಲ್ಬದಿಯಿಂದ ಎಣಿಸಬೇಕು. ಒಬ್ಬರು ಕೆಳಬದಿಯಲ್ಲಿ ನಿಂತು ಅಳೆದರೆ ಮುಗಿಯಿತು, ಅದು ಬೇರೆ ಅಳತೆ. ಟೇಪಿನಡಿ ಬಳ್ಳಿ ಸಿಕ್ಕಿದರೆ ಮರ ದಪ್ಪ, ಸಡಿಲ ತೊಗಟೆ ಉದುರಿದರೆ ಮರ ಸಣ್ಣ. ಬುಡದಲ್ಲಿ ಬೇರು ಹಲಗೆಯ ಹಾಗೆ ಎದ್ದಿದ್ದರೆ ಆ ಉಬ್ಬಿಗಿಂತ ಮೇಲೆ ಹೋಗಿ ಅಳೆಯಬೇಕು. ಇನ್ನೊಂದು, ನಮ್ಮ ಟೇಪಿನ ಒಂದು ಬದಿ ಸುತ್ತಳತೆ, ಇನ್ನೊಂದು ಬದಿ ನೇರವಾಗಿ ವ್ಯಾಸ ತೋರಿಸುತ್ತದೆ. ಬದಿ ತಿರುಗಿಹೋದರೆ ಮರ 3.14 ಪಟ್ಟು ದಪ್ಪ ಆಗಿಬಿಡುತ್ತದೆ.

ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ಮರ ನಿಜವಾಗಿಯೂ ಸಣ್ಣಗಾಗುತ್ತದೆ. ಒಣ ದಿನಗಳಲ್ಲಿ ಕಾಂಡ ನೀರು ಕಳೆದುಕೊಂಡು ಸ್ವಲ್ಪ ಕುಗ್ಗುತ್ತದೆ, ಮಳೆ ಬಂದ ಮೇಲೆ ಮತ್ತೆ ಹಿಗ್ಗುತ್ತದೆ. ನಾನು ಅಳಿಸಿದ ಸಾಲುಗಳಲ್ಲಿ ಸತ್ಯ ಹೇಳುತ್ತಿದ್ದ ಮರಗಳೂ ಇದ್ದಿರಬಹುದು.

ಈಗಂತೂ ಉಪಗ್ರಹ ಇದೆ, ಲೇಸರ್ ಇದೆ, ಟೇಪು ಯಾಕೆ ಎಂದು ಕೇಳುವವರಿದ್ದಾರೆ. 2018ರಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ ಜೆಡೈ (GEDI) ಎಂಬ ಲೇಸರ್ ಉಪಕರಣ ಕಾಡಿನ ಎತ್ತರವನ್ನು ಚೆನ್ನಾಗಿ ಅಳೆಯುತ್ತದೆ. ಆದರೆ ಆ ಎತ್ತರದಿಂದ ಮರದ ತೂಕಕ್ಕೆ ಬರಲು ನೆಲದ ಪ್ಲಾಟ್‌ಗಳ ಅಳತೆಯೇ ಬೇಕು. ಪನಾಮಾದ ಬಾರೋ ಕೊಲರಾಡೊ ದ್ವೀಪದಲ್ಲಿ 50 ಹೆಕ್ಟೇರ್ ಪ್ಲಾಟ್ ಒಂದನ್ನು 1980ರ ದಶಕದ ಆರಂಭದಿಂದ ಅಳೆಯುತ್ತಿದ್ದಾರೆ. ಅಲ್ಲಿ 1 ಸೆಂ.ಮೀ. ದಪ್ಪದ ಗಿಡಕ್ಕೂ ಲೆಕ್ಕ ಇದೆ. ಕೆಲವು ಮರಗಳನ್ನು ಎರಡೆರಡು ಸಲ ಅಳೆದು, ತಮ್ಮ ಕೈತಪ್ಪು ಎಷ್ಟು ಅನ್ನುವುದನ್ನೂ ಲೆಕ್ಕ ಹಾಕಿದ್ದಾರೆ.

ನಾವೂ ಅದನ್ನೇ ಮಾಡುತ್ತೇವೆ. ಪ್ರತಿ ಪ್ಲಾಟ್‌ನಲ್ಲಿ ಒಂದಿಷ್ಟು ಮರಗಳನ್ನು ಬೇರೆಯವರು, ಮೊದಲ ಅಳತೆ ನೋಡದೆ, ಮತ್ತೆ ಅಳೆಯುತ್ತಾರೆ. ಅಳೆದ ಜಾಗಕ್ಕೆ ಬಣ್ಣದ ಗೆರೆ ಎಳೆಯುತ್ತೇವೆ. ಯಾವ ಅಳತೆ ತೀರಾ ಅಸಾಧ್ಯ ಎಂಬ ನಿಯಮವನ್ನು ಡೇಟಾ ತೆರೆಯುವ ಮೊದಲೇ ಬರೆದಿಡುತ್ತೇವೆ, ಎರಡೂ ಬದಿಗೆ. ಸುಮ್ನೆ ಯಾವ ಸಾಲನ್ನೂ ಅಳಿಸುವಂತಿಲ್ಲ. ಪಕ್ಕದ ಕಾಲಂನಲ್ಲಿ ಕಾರಣ ಬರೆಯಬೇಕು.

ನನ್ನ ಆ ವರದಿ ಹೊರಗೆ ಹೋಗಲಿಲ್ಲ. ಅಳಿಸಿದ ಸಾಲುಗಳನ್ನು ಹಳೆಯ ಕಡತದಿಂದ ಒಂದೊಂದಾಗಿ ವಾಪಸ್ ತಂದೆ. ಸರಾಸರಿ ಇಳಿಯಿತು, ಆ ಇಳಿದ ಅಂಕಿಯೇ ವರದಿಯಲ್ಲಿ ಉಳಿಯಿತು.