ಆರನೆಯ ಲೋಟ

ಮೊಮ್ಮಗಳು ಎರಡೂವರೆ ವರ್ಷ ತುಂಬುವ ಹೊತ್ತಿಗೆ ಹತ್ತರವರೆಗೆ ತಪ್ಪಿಲ್ಲದೆ ಎಣಿಸುತ್ತಿದ್ದಳು. ಮೆಟ್ಟಿಲು ಹತ್ತುವಾಗ ಎಣಿಸುತ್ತಿದ್ದಳು, ಮನೆಗೆ ಬಂದವರ ಮುಂದೆ ಎಣಿಸಿ ಭೇಷ್ ಎನ್ನಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದ ನಾನು, "ನಾಲ್ಕು ಬೀಜ ಕೊಡು ಪುಟ್ಟಿ" ಎಂದೆ. ಕೈಗೆ ಸಿಕ್ಕಷ್ಟನ್ನು ಬಾಚಿ ನನ್ನ ಮಡಿಲಿಗೆ ಸುರಿದಳು. ಒಂದು ಕೇಳಿದರೆ ಒಂದೇ ಕೊಡುತ್ತಿದ್ದಳು, ಎರಡು ಕೇಳಿದರೆ ಎರಡು. ಅದರಾಚೆಗೆ ಮೂರಾದರೂ ಒಂದು ಹಿಡಿ, ಏಳಾದರೂ ಒಂದು ಹಿಡಿ.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೆ ಇದು ಹೊಸದಾಗಿ ಕಂಡಿತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ನನ್ನ ಕೈಗೆ ಬರುತ್ತಿದ್ದ ಮಕ್ಕಳು ಈ ಹಂತವನ್ನು ಎಂದೋ ದಾಟಿ ಬಂದಿರುತ್ತಿದ್ದರು. ಅಮೆರಿಕದ ಮನೋವಿಜ್ಞಾನಿ ಕ್ಯಾರೆನ್ ವಿನ್ 1990ರ ದಶಕದ ಆರಂಭದಲ್ಲಿ ಪುಟ್ಟ ಮಕ್ಕಳಿಂದ ಇಂತಿಷ್ಟು ಆಟಿಕೆ ಕೊಡೆಂದು ಕೇಳಿ, ನಾನು ಮಡಿಲಲ್ಲಿ ಕಂಡದ್ದನ್ನೇ ಕ್ರಮವಾಗಿ ಗಮನಿಸಿದ್ದರು. ಮಗುವಿಗೆ ಮೊದಲು 'ಒಂದು' ಎಂಬುದರ ಅರ್ಥ ಹತ್ತುತ್ತದೆ. ಕೆಲವು ತಿಂಗಳ ಬಳಿಕ 'ಎರಡು', ಮತ್ತಷ್ಟು ಕಾಲದ ಮೇಲೆ 'ಮೂರು'. ಆಮೇಲೆ ಸುಮಾರು ಮೂರೂವರೆ ನಾಲ್ಕು ವರ್ಷಕ್ಕೆ, ಎಣಿಸುವಾಗ ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟೆಂಬುದಕ್ಕೆ ಉತ್ತರ ಎಂಬ ಗುಟ್ಟು ಬಯಲಾಗುತ್ತದೆ. ಅಲ್ಲಿಯವರೆಗೆ "ಎಷ್ಟಿವೆ?" ಎಂದು ಕೇಳಿದರೆ ಮಗು ಉತ್ತರ ಹೇಳುವುದಿಲ್ಲ, ಮೊದಲಿನಿಂದ ಮತ್ತೆ ಎಣಿಸತೊಡಗುತ್ತದೆ. ನಮ್ಮವಳೂ ಹಾಗೇ ಮಾಡುತ್ತಿದ್ದಳು. ನಾನು ಒಮ್ಮೆ ಬೇಸತ್ತು ಗದರಿದ್ದೂ ಉಂಟು.

ಕನ್ನಡದ ಮಕ್ಕಳಿಗೆ ಎಣಿಕೆಯಲ್ಲಿ ಒಂದು ಅನುಕೂಲವಿದೆಯೆಂದು ನನಗೆ ಅನ್ನಿಸುತ್ತದೆ. ಹಿಂದಿಯಲ್ಲಿ ನೂರರವರೆಗಿನ ಹೆಚ್ಚಿನ ಸಂಖ್ಯೆಗಳ ಹೆಸರನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಬೇಕು. ನಮ್ಮಲ್ಲಿ ಇಪ್ಪತ್ತು ದಾಟಿದರೆ ಇಪ್ಪತ್ತು ಮತ್ತು ಒಂದು ಸೇರಿ ಇಪ್ಪತ್ತೊಂದು, ಎಲ್ಲವೂ ಎದುರಿಗೇ ಕಾಣುವಂತಿದೆ. ಅದು ಎಷ್ಟು ಸ್ಪಷ್ಟವೆಂದರೆ ಮೊಮ್ಮಗಳು ಇಪ್ಪತ್ತೊಂಬತ್ತರ ಮುಂದೆ 'ಇಪ್ಪತ್ತಹತ್ತು' ಎಂದಳು. ತಿದ್ದಲು ಮನಸ್ಸು ಬರಲಿಲ್ಲ. ಆದರೆ ಇದೇ ಕನ್ನಡ ಮನುಷ್ಯರನ್ನು ಎಣಿಸಲು ಬೇರೆ ಪದಗಳನ್ನು ಇಟ್ಟುಕೊಂಡಿದೆ: ಒಬ್ಬರು, ಇಬ್ಬರು, ಮೂವರು. 'ನಂಗೆ ಎರಡು ಅಜ್ಜಿ' ಎನ್ನುತ್ತಿದ್ದವಳು 'ಇಬ್ಬರು ಅಜ್ಜಿ' ಎನ್ನಲು ಬಹಳ ದಿನ ಹಿಡಿಯಿತು. ಬೀಜದ ಎಣಿಕೆಯೇ ಬೇರೆ, ಜನರ ಎಣಿಕೆಯೇ ಬೇರೆ ಎಂದು ಅವಳಿಗೆ ಹೇಳಿಕೊಟ್ಟಿದ್ದು ನಾನೇ. ಆ ಮಾತಿಗೆ ಮುಂದೆ ಬರುತ್ತೇನೆ.

ನಾಲ್ಕು ತುಂಬಿದ ಮೇಲೆ, ಬಿ.ಎಡ್. ಪರೀಕ್ಷೆಗೆಂದು ಉರುಹೊಡೆದಿದ್ದ ಸ್ವಿಸ್ ಮನೋವಿಜ್ಞಾನಿ ಪಿಯಾಜೆ ನೆನಪಾಗಿ, ಐದೈದು ಬೀಜಗಳ ಎರಡು ಸಾಲು ಎದುರುಬದುರಾಗಿ ಇಟ್ಟೆ. ಎರಡೂ ಸಮ ಎಂದಳು. ಒಂದು ಸಾಲನ್ನು ಅಗಲಿಸಿ ಕೇಳಿದರೆ ಅದರಲ್ಲೇ ಜಾಸ್ತಿ ಎಂದಳು. ಪಠ್ಯದಲ್ಲಿದ್ದುದು ಕಣ್ಣೆದುರೇ ನಡೆಯಿತೆಂದು ನಾನು ಹಿಗ್ಗಿದೆ. ಆದರೆ 1970ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಮನೋವಿಜ್ಞಾನಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಜೊತೆಗಾರರು ಇದೇ ಪರೀಕ್ಷೆಯಲ್ಲಿ ಸಾಲನ್ನು ದೊಡ್ಡವರ ಬದಲು ಒಂದು ತುಂಟ ಕರಡಿ ಬೊಂಬೆ ಕೆಡಿಸುವಂತೆ ಮಾಡಿದಾಗ, ಸರಿಯಾದ ಉತ್ತರ ಕೊಟ್ಟ ಮಕ್ಕಳ ಸಂಖ್ಯೆ ಬಹಳ ಹೆಚ್ಚಿತು. ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಉತ್ತರವೂ ಬದಲಾಗಬೇಕೇನೋ ಎಂದು ಮಗು ಊಹಿಸುತ್ತದೆ. ಅಂದರೆ ಅದು ಬೀಜಗಳನ್ನಷ್ಟೇ ಅಲ್ಲ, ಕೇಳುವವರ ಮುಖವನ್ನೂ ಓದುತ್ತಿರುತ್ತದೆ.

ಕಾಯಿಲೆಯ ವಿಷಯದಲ್ಲಿ ಅದು ಓದುವುದು ನಮ್ಮ ಗದರಿಕೆಯನ್ನು. "ಮಾತು ಕೇಳದಿದ್ದರೆ ಸೂಜಿ ಚುಚ್ಚಿಸುತ್ತೇನೆ" ಎಂದು ನಮ್ಮ ಮನೆಯಲ್ಲಿ ಹೇಳದವರಿಲ್ಲ. ನನ್ನವರಿಗೆ ಸಕ್ಕರೆ ಕಾಯಿಲೆ. ವಾರಕ್ಕೊಮ್ಮೆ ಬೆರಳು ಚುಚ್ಚಿ ರಕ್ತ ನೋಡಿಕೊಳ್ಳುತ್ತಾರೆ. ಒಂದು ದಿನ ಅದನ್ನೇ ನೋಡುತ್ತ ನಿಂತಿದ್ದವಳು ನನ್ನ ಸೆರಗು ಜಗ್ಗಿ ಪಿಸುದನಿಯಲ್ಲಿ, "ತಾತ ಏನ್ ತಪ್ಪು ಮಾಡಿದ್ರು?" ಎಂದು ಕೇಳಿದಳು. ಪಿಯಾಜೆ 1932ರಲ್ಲೇ ಇದನ್ನು ಬರೆದಿದ್ದರು: ಹಣ್ಣು ಕದ್ದು ಓಡುವ ಹುಡುಗನ ಕಾಲಡಿಯ ಸೇತುವೆ ಮುರಿದರೆ, ಅದು ಕದ್ದದ್ದಕ್ಕಾಗಿಯೇ ಮುರಿಯಿತೆಂದು ಆರು ವರ್ಷದ ಹೆಚ್ಚಿನ ಮಕ್ಕಳು ನಂಬುತ್ತಾರೆ, ಹಲಗೆ ಹಳೆಯದಾಗಿತ್ತೆಂಬುದು ಅವರಿಗೆ ಮುಖ್ಯವಲ್ಲ. ಮಕ್ಕಳಷ್ಟೇ ಏಕೆ, ಯಾರಿಗಾದರೂ ದೊಡ್ಡ ರೋಗ ಬಂದರೆ 'ಯಾವ ಪಾಪವೋ' ಎನ್ನುವ ದೊಡ್ಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ತಪ್ಪಿನ ಮಾತು ಮುಗಿದ ಮೇಲೆ ಅಂಟಿನ ಭಯ ಶುರುವಾಯಿತು. ನೆಗಡಿ ಅಂಟುತ್ತದೆಂದು ಅಂಗನವಾಡಿಯಲ್ಲಿ ಕೇಳಿ ಬಂದವಳು, ಸಕ್ಕರೆ ಕಾಯಿಲೆಯೂ ಅಂಟುತ್ತದೆಂದು ಎರಡು ದಿನ ತಾತನ ತೊಡೆಯೇರಲಿಲ್ಲ. ಕೈಯಲ್ಲಿ ಹುಳು ಇರುತ್ತದೆ, ತೊಳೆದುಕೋ ಎಂದರೆ ಅಂಗೈಯನ್ನು ಬೆಳಕಿಗೆ ಹಿಡಿದು ಹುಡುಕಿ, "ಇಲ್ಲ" ಎನ್ನುತ್ತಿದ್ದಳು. ಕಾಣದ್ದನ್ನು ತೋರಿಸುವುದು ಹೇಗೆ? ಕೊನೆಗೆ ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಪಕ್ಕದಲ್ಲಿ ಕೂರಿಸಿಕೊಂಡೆ. ಅರ್ಧ ಚಮಚ ಮೊಸರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ರಾತ್ರಿಯೆಲ್ಲ ಅವು ಹೆಚ್ಚುತ್ತ ಹೋಗಿ ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುತ್ತವೆ, ಕೊಳಕು ಕೈಯಿಂದ ಹೊಟ್ಟೆಗೆ ಹೋಗುವಂಥವೂ ಹೀಗೆಯೇ ಹೆಚ್ಚುತ್ತವೆ, ಆದರೆ ಅವು ಬೇರೆ ಜಾತಿ ಎಂದೆ. ಬೆಳಿಗ್ಗೆ ಎದ್ದವಳೇ ಪಾತ್ರೆ ಅಲುಗಿಸಿ ನೋಡಿದಳು. ತಾತನ ಕಾಯಿಲೆಯಲ್ಲಿ ಹೆಪ್ಪಿಲ್ಲ ಎಂದ ಮೇಲೆ ಅವರ ತೊಡೆಯೂ ಮರಳಿ ಸಿಕ್ಕಿತು.

ಬಾಯಿಗೆ ಬಂದ 'ಬೇರೆ ಜಾತಿ' ಎಂಬ ಮಾತು ಆಮೇಲೆ ನನ್ನನ್ನು ಕಾಡಿತು.

ನಮ್ಮ ಮನೆಗೆಲಸಕ್ಕೆ ಬರುವವರಿಗೆ ಐವತ್ತು ದಾಟಿದೆ. ಮಹಡಿಯ ಮನೆಯ ಹೊಸ ಸೊಸೆಗೆ ಇಪ್ಪತ್ತೆರಡಿರಬಹುದು. ದೊಡ್ಡವರಿಗೆ ಬಹುವಚನ ಹಾಕಬೇಕೆಂದು ಮೊಮ್ಮಗಳಿಗೆ ಹೇಳಿದ್ದೆವು. ಅವಳು ಹೇಳುತ್ತಿದ್ದುದು 'ಮೇಲಿನ್ಮನೆ ಆಂಟಿ ಬಂದ್ರು', 'ಕೆಲಸದವಳು ಬಂದ್ಲು'. 'ನಾಲ್ಕು' ಎಂಬುದನ್ನು ಒಂದೂವರೆ ವರ್ಷ ಹೇಳಿಕೊಟ್ಟೆವು; ಇದನ್ನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ನಾವು ಬಾಯಲ್ಲಿ ಹೇಳಿದ ನಿಯಮವನ್ನು ಬಿಟ್ಟು, ನಾವು ನಡೆದುಕೊಳ್ಳುತ್ತಿದ್ದ ನಿಯಮವನ್ನು ಅವಳು ಕ್ರಿಯಾಪದದ ಕೊನೆಯಿಂದ ಹೆಕ್ಕಿಕೊಂಡಿದ್ದಳು. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನೋವಿಜ್ಞಾನಿ ದಂಪತಿ 1940ರ ಸುಮಾರಿಗೆ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿಯ ಮತ್ತು ಕಂದು ಬಣ್ಣದ ಬೊಂಬೆಗಳನ್ನಿಟ್ಟು ಚೆಂದದ್ದು ಯಾವುದೆಂದು ಕೇಳಿದಾಗ, ಹೆಚ್ಚಿನ ಮಕ್ಕಳು ಬಿಳಿಯದನ್ನೇ ತೋರಿಸಿದ್ದರು. ಶಾಲೆಗಳಲ್ಲಿನ ವರ್ಣಭೇದದ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪು ಈ ಕೆಲಸವನ್ನೂ ಉಲ್ಲೇಖಿಸಿತು. ಆ ಮಕ್ಕಳಿಗೂ ಯಾರೂ ಕೂರಿಸಿ ಪಾಠ ಹೇಳಿರಲಾರರು.

ನನಗೆ ತಿಳಿದದ್ದು ಕಾಫಿಯ ಹೊತ್ತಿನಲ್ಲಿ. "ಮನೆಯಲ್ಲಿ ಎಷ್ಟು ಜನ ಇದ್ದೇವೆ, ಎಣಿಸಿ ಲೋಟ ಇಡು" ಎಂದೆ. ತಾತ, ಅಪ್ಪ, ಅಮ್ಮ, ಅಜ್ಜಿ, ತಾನು ಎಂದು ಬೆರಳು ಮಡಿಸಿ ಐದು ಲೋಟ ಜೋಡಿಸಿದಳು. ಹಿಂದೆಯೇ ಪಾತ್ರೆ ತೊಳೆಯುತ್ತಿದ್ದವರನ್ನು ತೋರಿಸಿ, "ಇವರು?" ಎಂದೆ. "ಅವಳು ಎಣ್ಸಕ್ಕಲ್ಲ ಅಜ್ಜಿ. ಅವಳ ಲೋಟ ಕಿಟಕೀಲಿದೆ" ಎಂದಳು. ಅಂಚು ನೆಗ್ಗಿದ ಆ ಸ್ಟೀಲ್ ಲೋಟವನ್ನು ಹಿತ್ತಲ ಕಿಟಕಿಯಲ್ಲಿ ಇಡುವ ಪದ್ಧತಿ ನನ್ನ ಅತ್ತೆಯ ಕಾಲದ್ದು, ನಡೆಸಿಕೊಂಡು ಬಂದವಳು ನಾನು. ನಲ್ಲಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಅಂದೇ ಆ ಲೋಟವನ್ನು ಉಳಿದವುಗಳ ಜೊತೆ ಗೂಡಿನಲ್ಲಿಟ್ಟೆ. ಮರುದಿನ ಅವರೇ ಅದನ್ನು ಹುಡುಕಿ ತೆಗೆದು ಕಿಟಕಿಯಲ್ಲಿಟ್ಟುಕೊಂಡರು. "ಇರಲಿ ಬಿಡೀಮ್ಮ, ನಂಗೆ ಅದೇ ಅಭ್ಯಾಸ" ಎಂದರು. ನಾಲಗೆಯನ್ನು ತಿದ್ದಿಕೊಳ್ಳುವುದೂ ಸುಲಭವಾಗಲಿಲ್ಲ. ಕಳೆದ ಸೋಮವಾರ ಅವರು ಗೇಟು ತೆಗೆದು ಒಳಗೆ ಬಂದಾಗ ಜಗಲಿಯಲ್ಲಿದ್ದ ನಾನು "ಬನ್ನಿ" ಎಂದೆ. ಪಕ್ಕದಲ್ಲಿ ಆಡುತ್ತಿದ್ದ ಮೊಮ್ಮಗಳು ತಲೆಯೆತ್ತಿ, ಅವರ ಬೆನ್ನ ಹಿಂದೆ ಇನ್ಯಾರು ಬಂದರೆಂದು ಗೇಟಿನತ್ತ ಇಣುಕಿ ನೋಡಿದಳು.